ಆಡಿದವನಿಗಷ್ಟೇ ಅಲ್ಲ, ಹೂಡಿದವನಿಗೂ ಬಂಧ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳನ್ನು ಎಣಿಸುವಾಗ ನಮ್ಮ ಆಚಾರ್ಯರು ಮೊದಲು ಹೆಸರಿಸುವುದು ದ್ಯೂತವನ್ನು, ಅಂದರೆ ಜೂಜನ್ನು. ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಗಮನಗಳು ಅದರ ಹಿಂದೆ ಬರುತ್ತವೆ. ಮೊದಲನೆಯ ಸ್ಥಾನ ಜೂಜಿಗೆ ದೊರೆತುದಕ್ಕೆ ಅರ್ಥವಿದೆ. ಸೋತವನು ಸಾಲ ಮಾಡುತ್ತಾನೆ, ಸುಳ್ಳು ಹೇಳುತ್ತಾನೆ, ಕೊನೆಗೆ ಕದಿಯುತ್ತಾನೆ, ಗೆದ್ದವನು ಮದಿಸುತ್ತಾನೆ. ಉಳಿದ ಆರು ವ್ಯಸನಗಳ ಮನೆಗೆ ಇದೇ ಹೆಬ್ಬಾಗಿಲು.

ಈಚೆಗೆ ಜಮಖಂಡಿಯ ಕಡೆಯ ಯುವಕನೊಬ್ಬ ಸ್ವಾಧ್ಯಾಯ ಮುಗಿದ ಮೇಲೆ ಹತ್ತಿರ ಬಂದು ಕುಳಿತ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ರಾತ್ರಿ ಉಣ್ಣುವುದಿಲ್ಲ, ಗಡ್ಡೆಗೆಣಸು ಮುಟ್ಟುವುದಿಲ್ಲ, ಇಸ್ಪೀಟೆಲೆಯನ್ನು ಕೈಯಲ್ಲಿ ಹಿಡಿದವನಲ್ಲ. ವಿದೇಶದ ಜೂಜುಕೇಂದ್ರಗಳಿಗಾಗಿ ‘ವಿಡಿಯೊ ಪೋಕರ್’ ಎಂಬ ಆಟದ ಹೊಸದೊಂದು ಬಗೆಯನ್ನು, ಆಕರ್ಷಕ ಬೋನಸ್‌ಗಳ ಸಹಿತ, ರೂಪಿಸುವ ಕೆಲಸ ಅವನ ಪಾಲಿಗೆ ಬಂದಿದೆ. “ಕಾಕಾ, ನಾ ಆಡೂದಿಲ್ಲ. ಯಾರಿಗೂ ಆಡ್ರಿ ಅಂತ ಹೇಳೂದಿಲ್ಲ. ಬರೇ ಲೆಕ್ಕ ಬರೀತೀನಿ. ಇದರಾಗ ನನಗ ಏನು ಪಾಪ ಬರ್ತದರಿ?” ಎಂದು ಕೇಳಿದ. ಅವನ ದನಿಯಲ್ಲಿ ವಾದವಿರಲಿಲ್ಲ, ಅಳುಕಿತ್ತು. ಮನೆ ಕಟ್ಟಿದ ಸಾಲ ಆ ಸಂಬಳದಿಂದಲೇ ತೀರಬೇಕಾಗಿತ್ತು.

ಪ್ರಶ್ನೆಗೆ ಉತ್ತರಿಸುವ ಮೊದಲು ಆ ಲೆಕ್ಕವೇನೆಂದು ನೋಡೋಣ. 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಆಟದಲ್ಲಿ ಎದುರಾಳಿ ಮನುಷ್ಯನಲ್ಲ, ಯಂತ್ರ. ಪರದೆಯ ಮೇಲೆ ಐದು ಎಲೆಗಳು ಬೀಳುತ್ತವೆ. ಬೇಕಾದವನ್ನು ಉಳಿಸಿಕೊಂಡು ಬೇಡವಾದವನ್ನು ಬದಲಿಸಬಹುದು. ಕೊನೆಗೆ ಕೂಡಿಬಂದ ಎಲೆಗಳಿಗೆ ಮೊದಲೇ ಗೊತ್ತುಮಾಡಿದ ಪಟ್ಟಿಯಂತೆ ಹಣ. ಸಾಮಾನ್ಯ ಬಗೆಯಲ್ಲಿ ಎರಡು ಜೋಡಿ ಬಂದರೆ ಕಟ್ಟಿದ 1 ರೂಪಾಯಿಗೆ 2 ರೂಪಾಯಿ, ಒಂದೇ ಅಂಕಿಯ ನಾಲ್ಕು ಎಲೆ ಬಂದರೆ 25 ರೂಪಾಯಿ. ‘ಡಬಲ್ ಬೋನಸ್’ ಎಂಬ ಬಗೆಯಲ್ಲಿ ನಾಲ್ಕು ಎಕ್ಕಗಳಿಗೆ 160 ರೂಪಾಯಿ. ಆದರೆ ಎರಡು ಜೋಡಿಗೆ ಕೊಡುವುದು 1 ರೂಪಾಯಿ ಮಾತ್ರ.

52 ಎಲೆಗಳಿಂದ ಐದೈದರ ಕೂಟಗಳು ಒಟ್ಟು 25,98,960. ಮೊದಲ ಹಂಚಿಕೆಯಲ್ಲೇ ಎರಡು ಜೋಡಿ ಬೀಳಬಹುದಾದ ಕೂಟಗಳು ಅವುಗಳಲ್ಲಿ 1,23,552. ನಾಲ್ಕು ಎಕ್ಕಗಳು ಬೀಳಬಹುದಾದವು ಕೇವಲ 48. ಹಾಗಿದ್ದರೆ ಬೋನಸ್ ಎಂದರೇನು? ಪದೇ ಪದೇ ಕೈಗೆಟಕುವ ಸಣ್ಣ ಗೆಲುವನ್ನು ತಗ್ಗಿಸಿ, ಎಂದೋ ಒಮ್ಮೆ ಬರುವ ದೊಡ್ಡ ಗೆಲುವನ್ನು ಹೊಳೆಯುವಂತೆ ತೋರಿಸುವುದು. ಅದು ಆಟಗಾರನ ಜೇಬಿನ ಹಣವೇ. ಅಪರೂಪದ ಆ ಗೆಲುವಿಗಾಗಿ ಅವನು ಕುಳಿತಲ್ಲೇ ಕುಳಿತಿರುತ್ತಾನೆ. ಸಾಮಾನ್ಯ ಬಗೆಯ ಉದಾರವಾದ ಪಟ್ಟಿಯಲ್ಲಿ, ಒಂದು ತಪ್ಪೂ ಇಲ್ಲದೆ ಆಡಿದರೂ, 100 ರೂಪಾಯಿಗೆ ದೀರ್ಘಕಾಲದಲ್ಲಿ ಮರಳುವುದು ಸುಮಾರು 99.5 ರೂಪಾಯಿ. ತಪ್ಪಿಲ್ಲದೆ ಆಡುವವರು ವಿರಳ. ಯಂತ್ರಕ್ಕೋ ದಣಿವಿಲ್ಲ.

ಈಗ ಶಾಸ್ತ್ರದ ಲೆಕ್ಕ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 6ನೇ ಅಧ್ಯಾಯದಲ್ಲಿ ಕರ್ಮವು ಆತ್ಮಕ್ಕೆ ಹರಿದುಬರುವ ದಾರಿಗಳನ್ನು ವಿವರಿಸುತ್ತಾರೆ. ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ: ಇವು ಮೂರು. ಮನಸ್ಸು, ಮಾತು, ಕಾಯಗಳೆಂದು ಮೂರು. ತಾನೇ ಮಾಡಿದ್ದು ಕೃತ, ಮಾಡಿಸಿದ್ದು ಕಾರಿತ, ಒಪ್ಪಿದ್ದು ಅನುಮತ ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಜಪಮಾಲೆಯ 108 ಮಣಿಗಳನ್ನು ಈ 108 ದಾರಿಗಳಿಗೆ ಹೊಂದಿಸಿ ಹೇಳುವ ರೂಢಿಯೂ ನಮ್ಮಲ್ಲಿದೆ. ಯುವಕನು ಮುಚ್ಚಿಕೊಂಡಿರುವುದು ‘ಕೃತ’ವೆಂಬ ಒಂದು ಬಾಗಿಲನ್ನು ಮಾತ್ರ. ‘ಕಾರಿತ’ವೂ ‘ಅನುಮತ’ವೂ ತೆರೆದೇ ಇವೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ವಿಚಾರವಿದೆ. ತಿಳಿದು ಮಾಡಿದ್ದಕ್ಕೂ ತಿಳಿಯದೆ ಮಾಡಿದ್ದಕ್ಕೂ ಬಂಧದಲ್ಲಿ ವ್ಯತ್ಯಾಸವುಂಟು. ಪರದೆಯ ಮುಂದೆ ಕುಳಿತವನಿಗೆ ತಾನು ಎಷ್ಟು ಸೋಲುತ್ತೇನೆಂಬುದು ತಿಳಿಯದು. ಪಟ್ಟಿ ಬರೆದವನಿಗೆ ಅದು ದಶಮಾಂಶದವರೆಗೆ ತಿಳಿದಿದೆ. ಆದ್ದರಿಂದ ‘ಬರೇ ಲೆಕ್ಕ’ ಎಂಬುದು ಅವನನ್ನು ಬಿಡಿಸುವ ಮಾತಲ್ಲ, ಕಟ್ಟುವ ಮಾತು. ‘ನಾನು ಬಿಟ್ಟರೆ ಇನ್ನೊಬ್ಬ ಬರೆಯುತ್ತಾನೆ’ ಎಂಬುದೂ ನಿಲ್ಲದು. ಇನ್ನೊಬ್ಬನ ಕರ್ಮ ಇನ್ನೊಬ್ಬನದು. ನಮ್ಮದು ನಮ್ಮದೇ.

ಇದನ್ನು ಕಥೆಯಾಗಿ ಕಾಣಲು ದೂರ ಹೋಗಬೇಕಾಗಿಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ಜೈನಕವಿ ರನ್ನ ನಮ್ಮ ಮುಧೋಳದ ನೆಲದವನು. 993ರಲ್ಲಿ ಅಜಿತಪುರಾಣವನ್ನು ರಚಿಸಿದ ಆ ಮಹಾಕವಿಯ ‘ಗದಾಯುದ್ಧ’ವೂ ಒಂದು ಜೂಜಿನ ಫಲವನ್ನೇ ಹೇಳುತ್ತದೆ. ದ್ಯೂತಸಭೆಯಲ್ಲಿ ಆಡಿ ಸೋತವನು ಧರ್ಮರಾಜ, ಅದು ಕೃತ. ದಾಳ ಹೂಡಿ ಆಡಿಸಿದವರು ಶಕುನಿ, ದುರ್ಯೋಧನರು, ಅದು ಕಾರಿತ. ತಡೆಯದೆ ಕುಳಿತ ಹಿರಿಯರ ಮೌನ ಅನುಮತಕ್ಕೆ ಸಮೀಪ. ಆ ಆಟದಲ್ಲಿ ಗೆದ್ದವನು ದುರ್ಯೋಧನ. ಆದರೆ ರನ್ನನ ಕಾವ್ಯದಲ್ಲಿ ದ್ರೋಣ, ದುಶ್ಶಾಸನ, ಕರ್ಣರ, ಕಡೆಗೆ ತನ್ನ ಮಗನದೇ ಹೆಣದ ಮುಂದೆ ನಿಂತು ಅಳುವವನೂ ಅವನೇ. ಆಡಿಸಿ ಗೆದ್ದವನ ಗೆಲುವು ಎಲ್ಲಿಗೆ ಮುಟ್ಟಿತೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ದೇಶದ ಕಾನೂನೂ ಈಗ ಇದೇ ದಿಕ್ಕಿನಲ್ಲಿ ಸಾಗಿದೆ. ಕರ್ನಾಟಕವು 2021ರಲ್ಲಿ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಗೊಳಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆಯು, ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ, ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಆಟ ಒದಗಿಸುವವನಿಗೆ 3 ವರ್ಷಗಳವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡುವವನಿಗೆ 2 ವರ್ಷಗಳವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ. ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಕಾನೂನು ಕಾರಿತವನ್ನು ಹಿಡಿದಿದೆ. ಆದರೆ ಅದರ ಕೈ ಗಡಿಯವರೆಗೆ. ಕರ್ಮದ ಲೆಕ್ಕಕ್ಕೆ ಗಡಿಯಿಲ್ಲ. ಸೋಲುವವನು ಯಾವ ದೇಶದವನಾದರೂ ಜೀವನೇ.

ನಮ್ಮ ಊರುಗಳಲ್ಲಿ ಹಣ ಬರುವ ಬಗೆಯನ್ನು ನೆನೆಯಬೇಕು. ರಬಕವಿ-ಬನಹಟ್ಟಿಯ ನೇಕಾರನಿಗೆ ಅದು ಮಗ್ಗದ ಸದ್ದಿನಲ್ಲಿ ಗಜಗಜವಾಗಿ ಬರುತ್ತದೆ. ಮುಧೋಳ, ಜಮಖಂಡಿಯ ರೈತನಿಗೆ ವರ್ಷವಿಡೀ ಕಾದ ಕಬ್ಬಿನ ಬಿಲ್ಲಾಗಿ ಬರುತ್ತದೆ. ಬೀಳಗಿಯಲ್ಲಿ ಕೃಷ್ಣೆಯ ಹಿನ್ನೀರಿಗೆ ಹೊಲ ಕೊಟ್ಟವನಿಗೆ ಪರಿಹಾರವಾಗಿ ಬರುತ್ತದೆ; ಅದು ಒಮ್ಮೆ ಹೋದರೆ ಮರಳದು. ಇದೇ ಜಮಖಂಡಿ ಸೀಮೆಯ ಚಿಕ್ಕಪಡಸಲಗಿಯಲ್ಲಿ ರೈತರು ತಮ್ಮ ದುಡ್ಡು, ತಮ್ಮ ದುಡಿಮೆಯಿಂದ ಕೃಷ್ಣೆಗೆ ಬ್ಯಾರೇಜು ಕಟ್ಟಿ 1989ರಲ್ಲಿ ಪೂರೈಸಿದರು. ‘ಶ್ರಮಬಿಂದು ಸಾಗರ’ವೆಂಬ ಅದರ ಹೆಸರೇ ಒಂದು ಉಪದೇಶ. ಅಲ್ಲಿಯೂ ಅನೇಕರ ಸಣ್ಣ ಸಣ್ಣ ಪಾಲು ಕೂಡಿತು, ಎಲ್ಲರ ಹೊಲಕ್ಕೂ ನೀರಾಗಿ ಮರಳಿತು. ಜೂಜಿನ ಯಂತ್ರದಲ್ಲಿಯೂ ಅನೇಕರ ಸಣ್ಣ ಸಣ್ಣ ಪಾಲು ಕೂಡುತ್ತದೆ. ಆದರೆ ಒಬ್ಬನ ಹೊಲವೂ ನೆನೆಯುವುದಿಲ್ಲ.

ಶ್ರಾವಕನ ಲಕ್ಷಣಗಳಲ್ಲಿ ಮೊದಲು ನ್ಯಾಯದಿಂದ ಗಳಿಸಿದ ಧನವನ್ನು ಹೇಳಿದ್ದಾರೆ. ಆಹಾರದಲ್ಲಿ ಜೀವವನ್ನು ಸೋಸುವ ನಾವು ಸಂಬಳದಲ್ಲಿಯೂ ಸೋಸಬೇಕಲ್ಲವೇ? ಆ ಯುವಕನಿಗೆ ನಾವು ಹೇಳುವುದು ಇಷ್ಟು: ನಾಳೆಯೇ ಕೆಲಸ ಬಿಟ್ಟು ಮನೆಯವರನ್ನು ಬೀದಿಗೆ ತರಬೇಕಾಗಿಲ್ಲ. ಬೇರೆ ಕೆಲಸ ಕೊಡಿರೆಂದು ಕೇಳು. ದೊರೆಯದಿದ್ದರೆ ಬೇರೆಡೆ ಹುಡುಕು. ಅದಕ್ಕೊಂದು ಅವಧಿ ಗೊತ್ತುಮಾಡಿ ನಿಯಮ ತೆಗೆದುಕೋ. ಸಂಜೆಯ ಪ್ರತಿಕ್ರಮಣದಲ್ಲಿ ಈ ಲೆಕ್ಕವನ್ನೂ ಒಪ್ಪಿಸು. ಮನೆಯ ಹಿರಿಯರೂ ಮಗನ ಸಂಬಳ ಎಷ್ಟೆಂದು ಕೇಳುವ ಮುನ್ನ ಅದು ಯಾವ ಕೆಲಸದ್ದೆಂದು ಕೇಳಲಿ. ಸಂಬಳ ಕಡಿಮೆಯಾದರೂ ಮಗ ನೆಮ್ಮದಿಯಿಂದ ಜಪಮಾಲೆ ಹಿಡಿಯುವಂತಾದರೆ ಆ ಮನೆಗೆ ನಷ್ಟವಿಲ್ಲ.