ಮೊಕ್ಕಾಂ ಎಲ್ಲಿ?

ಗೋವಿನಕೋವಿಯಂತಹ ಹಳ್ಳಿಯಲ್ಲಿ ಬೆಳೆದವರಿಗೆ ಚಿಕ್ಕಂದಿನಲ್ಲಿಯೇ ಒಂದು ಪ್ರಶ್ನೆ ಎದುರಾಗುತ್ತದೆ. ನಾಟಕದ ಕಂಪನಿಗಳು ದಾವಣಗೆರೆಗೆ ಬರುತ್ತವೆ. ನಮ್ಮ ಊರಿಗೇಕೆ ಬರುವುದಿಲ್ಲ? ಹಾಡು ಕೇಳಿ ತಲೆದೂಗುವವರು ನಮ್ಮಲ್ಲಿಲ್ಲವೆ? ಹಿರಿಯರನ್ನು ಕೇಳಿದರೆ, "ಸಣ್ಣ ಊರು, ಇಲ್ಲಿಗೆ ಯಾರು ಬಂದಾರು ಬಿಡು" ಎನ್ನುತ್ತಿದ್ದರು. ನಮ್ಮ ಅಭಿರುಚಿಯೇ ಕಡಮೆಯೆಂದು ಹೇಳಿದಂತೆ ತೋರಿ ಮನಸ್ಸಿಗೆ ನೋವಾಗುತ್ತಿತ್ತು. ಈಗ ಯೋಚಿಸಿದರೆ ಅದು ಅಭಿರುಚಿಯ ಮಾತೇ ಅಲ್ಲ, ಲೆಕ್ಕದ ಮಾತು.

ಕಂಪನಿಯೆಂದರೆ ನಟರು ಮಾತ್ರವೆ? ಪರದೆಗಳು, ಉಡುಪಿನ ಪೆಟ್ಟಿಗೆಗಳು, ದೀಪಗಳು, ವಾದ್ಯಗಳು, ಅಡಿಗೆಯವರು, ಬಡಗಿಗಳು, ಮಕ್ಕಳುಮರಿ, ಎಲ್ಲವೂ ಸೇರಿ ಅದೊಂದು ನಡೆದಾಡುವ ಊರು. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಹೆಸರಿನಿಂದ ನಾಡೆಲ್ಲ ಪ್ರಸಿದ್ಧವಾದ ಕಂಪನಿಯು 'ಕುರುಕ್ಷೇತ್ರ' ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತು. ಆನೆಯನ್ನು ಕಂಡು ಜನ ಚಪ್ಪಾಳೆ ತಟ್ಟಿದರು. ಆದರೆ ಆನೆಗೆ ಆಟವಿಲ್ಲದ ದಿನವೂ ಹಸಿವಾಗುತ್ತದೆಂಬುದು ಯಜಮಾನನಿಗೆ ಮಾತ್ರ ತಿಳಿದ ಸಂಗತಿ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಸಾಮಾನು ಸಾಗಿಸಿ, ತಗಡಿನ ಥಿಯೇಟರು ಕಟ್ಟಿ ನಿಲ್ಲಿಸಲು ಒಮ್ಮೆಗೆ 3,000 ರೂಪಾಯಿ ಬೇಕು. ದಿನದ ಖರ್ಚು 200, ದಿನದ ಹುಟ್ಟುವಳಿ 400. ಹತ್ತು ದಿನ ಆಡಿ ಹೊರಟರೆ 1,000 ರೂಪಾಯಿ ನಷ್ಟ. ಹದಿನೈದನೆಯ ದಿನಕ್ಕೆ ಕೈಗೆ ಕೈ ಸರಿ. ಮೂವತ್ತು ದಿನ ನಿಂತರೆ 3,000 ರೂಪಾಯಿ ಉಳಿತಾಯ. ಎಂದ ಮೇಲೆ ಯಜಮಾನನು ಹುಡುಕುವುದು ರಸಿಕರಿರುವ ಊರನ್ನಲ್ಲ, ತಿಂಗಳುಗಟ್ಟಲೆ ಮುಗಿಯದಷ್ಟು ರಸಿಕರಿರುವ ಊರನ್ನು. ನಮ್ಮ ಹಳ್ಳಿಯ ಜನರೆಲ್ಲ ಬಂದರೂ ಮೂರು ರಾತ್ರಿಗೆ ಮುಗಿದುಹೋಗುತ್ತಾರೆ!

ದಾವಣಗೆರೆಯ ಭಾಗ್ಯವೂ ಇದೇ ಲೆಕ್ಕದಿಂದ ಬಂದುದು. ರೈಲುದಾರಿಯ ಮೇಲಿನ ಊರು. ಪರದೆ ಪೆಟ್ಟಿಗೆಗಳನ್ನು ಗಾಡಿಗೇರಿಸಿದರೆ ಅಲ್ಲಿಗೆ ತಲಪುತ್ತಿದ್ದುವು. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಹತ್ತಿಯ ಗಿರಣಿಗಳಿದ್ದುವು. ರೈತನ ಕೈಯಲ್ಲಿ ಹಣವಾಡುವುದು ಸುಗ್ಗಿ ಮುಗಿದ ಮೇಲೆ ಮಾತ್ರ. ಗಿರಣಿಯ ಕಾರ್ಮಿಕನಿಗಾದರೋ ವರ್ಷವಿಡೀ ಸಂಬಳ. ಚಿಂದೋಡಿ ಮನೆತನದ ಕೆ. ಬಿ. ಆರ್. ಕಂಪನಿಯು ಆ ಊರಿನದೇ ಎಂಬುದು ಆಕಸ್ಮಿಕವಿರಲಾರದು.

ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯಲ್ಲಿ ಈ ಲೆಕ್ಕ ಇನ್ನೊಂದು ರೂಪವನ್ನು ತಾಳುತ್ತದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಆರಂಭವಾಗುವ ಆ ಜಾತ್ರೆಯಲ್ಲಿ ಹಲವು ಕಂಪನಿಗಳು ಒಂದೇ ಬಯಲಿನಲ್ಲಿ ಬೀಡುಬಿಡುತ್ತವೆ. ಬನಶಂಕರಿಯೇನು ಮಹಾನಗರವೆ? ಅಲ್ಲ. ಆದರೆ ಅಲ್ಲಿ ಕಂಪನಿಯು ಊರೂರು ಅಲೆಯಬೇಕಾಗಿಲ್ಲ. ಊರೂರಿನ ಜನರೇ ಕಂಪನಿಯಿದ್ದಲ್ಲಿಗೆ ಬರುತ್ತಾರೆ. ದಾರಿಯ ಖರ್ಚು, ನಿದ್ದೆಗೆಟ್ಟ ಆಯಾಸ, ಎಲ್ಲವೂ ಪ್ರೇಕ್ಷಕನ ಪಾಲು.

ಇಂದಿನ ಜಗತ್ಪ್ರಸಿದ್ಧ ಗಾಯಕರ ಸಂಚಾರವೂ ಇದೇ ಜಾತ್ರೆಯ ಲೆಕ್ಕವೇ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ 2024ರ ಮಾರ್ಚ್ ತಿಂಗಳಲ್ಲಿ ಸಿಂಗಾಪುರದ ಒಂದೇ ಕ್ರೀಡಾಂಗಣದಲ್ಲಿ ಆರು ರಾತ್ರಿ ಹಾಡಿದರು. ಆಗ್ನೇಯ ಏಷ್ಯದಲ್ಲಿ ಬೇರೆಲ್ಲಿಯೂ ಹಾಡಲಿಲ್ಲ. ಭಾರತಕ್ಕಂತೂ ಆ ಸಂಚಾರದಲ್ಲಿ ಬರಲೇ ಇಲ್ಲ. ಮೂರು ಲಕ್ಷಕ್ಕೂ ಹೆಚ್ಚು ಜನರು, ಅವರಲ್ಲಿ ಅನೇಕರು ನೆರೆ ದೇಶಗಳಿಂದ ವಿಮಾನವೇರಿ, ಅಲ್ಲಿ ನೆರೆದರು. ಬೇರೆಡೆ ಹಾಡಬಾರದೆಂಬ ಕರಾರಿನ ಮೇಲೆ ಸಿಂಗಾಪುರವು ಹಣ ಕೊಟ್ಟಿದೆಯೆಂದು ಥಾಯ್ಲೆಂಡಿನ ಅಂದಿನ ಪ್ರಧಾನಿಯವರು ಆಡಿ ತೋರಿಸಿದರು. ಪ್ರೋತ್ಸಾಹಧನ ಕೊಟ್ಟುದನ್ನು ಸಿಂಗಾಪುರದ ಪ್ರಧಾನಿಯವರು ಒಪ್ಪಿಕೊಂಡರು. ಎಷ್ಟೆಂದು ಮಾತ್ರ ಹೇಳಲಿಲ್ಲ.

ನಮ್ಮ ಸರ್ಕಾರವೂ ಹೀಗೆಯೇ ಹಣ ಕೊಟ್ಟು ತಾರೆಗಳನ್ನು ಕರೆಸಬೇಕೆನ್ನುವವರಿದ್ದಾರೆ. ಅವರ ವಾದ ಹುರುಳಿಲ್ಲದ್ದಲ್ಲ. ಬಂದ ಜನ ಉಣ್ಣುತ್ತಾರೆ, ತಂಗುತ್ತಾರೆ, ಬಾಡಿಗೆಯ ವಾಹನಗಳಲ್ಲಿ ತಿರುಗುತ್ತಾರೆ, ತೆರಿಗೆಯೂ ಬರುತ್ತದೆ. ಸಿಂಗಾಪುರವು ಕೊಟ್ಟುದಕ್ಕಿಂತ ಹೆಚ್ಚನ್ನು ಪಡೆಯುವ ಭರವಸೆಯಿಂದಲೇ ಕೊಟ್ಟಿತು. ಆದರೆ ಸಿಂಗಾಪುರದಲ್ಲಿ ನಗರವೂ ದೇಶವೂ ಒಂದೇ. ಕರ್ನಾಟಕದಲ್ಲಿ ಹಾಗಲ್ಲ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಬೆಂಗಳೂರಿನಲ್ಲಿ ಹಾಡಿದಾಗ ತುಂಬಿದುದು ಬೆಂಗಳೂರಿನ ಹೋಟೆಲುಗಳು. ಇಂತಹ ಕಾರ್ಯಕ್ರಮಕ್ಕೆ ಬೊಕ್ಕಸದಿಂದ ಹಣ ಹೋದರೆ ಅದರಲ್ಲಿ ಜಗಳೂರಿನ ರೈತನ ಪಾಲೂ ಇರುತ್ತದೆ. ತಾನಾಗಿಯೇ ದೊಡ್ಡ ಊರನ್ನು ಹುಡುಕಿಕೊಂಡು ಬರುವವರಿಗೆ ದಾರಿಖರ್ಚು ಕೊಟ್ಟು ಕರೆಯುವುದೇಕೆ? ಲೆಕ್ಕ ಸರಿಹೋಗದ ಊರಿಗೆ ಹೋಗುವವರಿಗಲ್ಲವೆ ಆಸರೆ ಬೇಕಾಗಿರುವುದು?

ಅಂತಹವರೂ ನಮ್ಮಲ್ಲಿದ್ದಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಸಂಸ್ಥೆಯು 1985ರಲ್ಲಿ 'ತಿರುಗಾಟ'ವನ್ನು ಆರಂಭಿಸಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ 'ಶಿವಸಂಚಾರ' ಹೊರಟಿತು. ಎರಡೂ ಹಳ್ಳಿಯಲ್ಲಿ ಹುಟ್ಟಿದ ತಂಡಗಳೆಂಬುದನ್ನು ಗಮನಿಸಬೇಕು. ಪರದೆ, ದೀಪ, ನಟರೆಲ್ಲ ವಾಹನವೇರಿ ಬರುತ್ತಾರೆ. ಸ್ಥಳ, ಊಟ, ವಸತಿ, ಟಿಕೆಟ್ಟಿನ ಹೊಣೆ ಊರಿನ ಆಸಕ್ತರದು. ಇಲ್ಲಿ ಒಂದು ಊರಿನಲ್ಲಿ ಮೂವತ್ತು ದಿನ ನಿಲ್ಲಬೇಕಾಗಿಲ್ಲ, ಎರಡು ಮೂರು ರಾತ್ರಿ ಸಾಕು. ನಷ್ಟದ ಭಯ ಒಬ್ಬ ಯಜಮಾನನ ತಲೆಯ ಮೇಲೆ ಕೂರದೆ ಹತ್ತಾರು ಮಂದಿಯಲ್ಲಿ ಹಂಚಿಹೋದ ಕಾರಣ ಸಣ್ಣ ಊರುಗಳಿಗೂ ನಾಟಕ ಬಂದಿತು.

ಆದರೆ ಹೀಗೆ ಬಂದ ತಂಡವನ್ನು ನಿಲ್ಲಿಸುವುದೆಲ್ಲಿ? ಮದುವೆಯ ಛತ್ರದಲ್ಲಿ ಮಾತು ಪ್ರತಿಧ್ವನಿಸುತ್ತದೆ, ಶಾಲೆಯ ಬಯಲಿನಲ್ಲಿ ಮಳೆಯ ಭಯ. ತಾರೆಯೊಬ್ಬರನ್ನು ಕರೆಸುವ ಹಣದಿಂದ ನ್ಯಾಮತಿ, ಚನ್ನಗಿರಿ, ಜಗಳೂರುಗಳಂತಹ ಊರುಗಳಲ್ಲಿ ಅಲ್ಪ ಬಾಡಿಗೆಗೆ ದೊರೆಯುವ ಒಳ್ಳೆಯ ರಂಗಮಂದಿರಗಳನ್ನು ಕಟ್ಟಿ, ಕಟ್ಟಿದ ಮೇಲೆ ಬೀಗ ಹಾಕದೆ ನಡೆಸಿದರೆ, ನಾನು ಮೇಲೆ ಹೇಳಿದ 3,000 ರೂಪಾಯಿಯ ಭಾರವೇ ಬಹುಮಟ್ಟಿಗೆ ಇಳಿದುಹೋಗುತ್ತದೆ.

ಅಷ್ಟರವರೆಗೆ ನಮ್ಮ ಸೀಮೆಯ ಹಳ್ಳಿಗಳು ಕೈಕಟ್ಟಿ ಕುಳಿತಿಲ್ಲ. ಸುಗ್ಗಿ ಮುಗಿದ ಮೇಲೆ ತರುಣರು ತಾವೇ ನಾಟಕ ಕಲಿಯುತ್ತಾರೆ. ಹಾರ್ಮೋನಿಯಂ ಮಾಸ್ತರರು ಬರುತ್ತಾರೆ, ಪರದೆ ಬಾಡಿಗೆಗೆ ಬರುತ್ತದೆ. ಆಟ ಮುಗಿದ ಮರುದಿನ ಬೆಳಿಗ್ಗೆ, ಬಣ್ಣ ಇನ್ನೂ ಪೂರ್ತಿ ಅಳಿಯದ ಮುಖದ ದುರ್ಯೋಧನನು ಚಂದಾ ಪಟ್ಟಿಯನ್ನು ಹಿಡಿದು, ಕಡಮೆ ಬಿದ್ದ ಹಣಕ್ಕಾಗಿ ಮನೆಮನೆಯ ಬಾಗಿಲಿಗೆ ಹೊರಡುತ್ತಾನೆ.