ಕೊನೇ ಎರಡು ಜರ್ಸಿ ಯಾರಿಗೆ?

ತಂಡ ಪ್ರಕಟವಾದ ದಿನ ಮೊದಲ ಎಂಟು ಹೆಸರಿನ ಬಗ್ಗೆ ಯಾರೂ ಜಗಳ ಆಡಲ್ಲ. ಜಗಳ ಇರೋದೆಲ್ಲ ಕೊನೆಯ ಎರಡು-ಮೂರು ಹೆಸರಿನ ಮೇಲೆ. ಅದು ರಣಜಿ ತಂಡವಾಗಿರಲಿ, ಒಲಿಂಪಿಕ್ಸ್‌ಗೆ ಹೊರಟ ಹಾಕಿ ತಂಡವಾಗಿರಲಿ, ಹರಿಹರದಲ್ಲಿ ಭಾನುವಾರ ನಡೆಯೋ ಟೆನಿಸ್ ಬಾಲ್ ಟೂರ್ನಿಗೆ ಹೆಸರು ಕೊಟ್ಟ ಹುಡುಗರ ತಂಡವಾಗಿರಲಿ, ಕಥೆ ಒಂದೇ. "ಇವನನ್ನ ಯಾಕೆ ತಗೊಂಡ್ರು? ಅವನನ್ನ ಯಾಕೆ ಬಿಟ್ರು?" ದಾವಣಗೆರೆಯ ಹೋಟೆಲಲ್ಲಿ ಬೆಣ್ಣೆ ದೋಸೆ ಬರೋದಕ್ಕೆ ಮೊದಲು ಶುರುವಾದ ಈ ವಾದ, ಎರಡನೇ ದೋಸೆ ಮುಗಿದ್ರೂ ಮುಗಿಯಲ್ಲ.

ವಾದ ಹೋಗೋ ದಾರಿಯೂ ಹೆಚ್ಚುಕಡಿಮೆ ಒಂದೇ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅಂಕ ಕೊಡೋದು. ಹತ್ತನೆಯವನಿಗೆ ಹತ್ತನೇ ಜಾಗ, ಹನ್ನೊಂದನೆಯವನಿಗೆ ಹನ್ನೊಂದನೇ ಜಾಗ. ಥೇಟ್ ಸಿಇಟಿ ರ‍್ಯಾಂಕ್ ಪಟ್ಟಿ! ಇಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಈ ಲೆಕ್ಕ ಬಹಳ ಸಲೀಸು, ಯಾಕಂದ್ರೆ ನಾವು ಬೆಳೆದಿದ್ದೇ ಆ ಪಟ್ಟಿ ನೋಡ್ಕೊಂಡು. ಆದ್ರೆ ಕೊನೆಯ ಜಾಗಕ್ಕೆ ಈ ಲೆಕ್ಕ ಹೊಂದಲ್ಲ ಅನ್ನೋದು ನನ್ನ ಮಾತು. ಮೊದಲ ಎಂಟು ಜಾಗ ಪ್ರತಿಭೆಗೆ ಕೊಡಿ, ತಕರಾರಿಲ್ಲ. ಕೊನೆಯ ಎರಡು-ಮೂರು ಜಾಗಕ್ಕೆ ಮೊದಲು ಕೆಲಸ ಏನು ಅಂತ ಬರೆದುಕೊಳ್ಳಿ, ಆಮೇಲೆ ಆಳನ್ನು ಹುಡುಕಿ.

ಇದನ್ನ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿರೋ ಆಟ ಅಂದ್ರೆ ಐಸ್ ಹಾಕಿ. ಕೆನಡಾದಲ್ಲಿ ಅದಕ್ಕೆ ನಮ್ಮ ಕ್ರಿಕೆಟ್‌ನಷ್ಟೇ ಹುಚ್ಚು. ಅಲ್ಲಿ ಮೂವರು ಫಾರ್ವರ್ಡ್‌ಗಳ ಒಂದು ಲೈನ್, ಅಂಥ ನಾಲ್ಕು ಲೈನ್. ಒಂದು ಲೈನ್ ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಾಡಿ ಬೆಂಚಿಗೆ ಬಂದ್ರೆ ಇನ್ನೊಂದು ಇಳಿಯುತ್ತೆ. ಮೊದಲ ಎರಡು ಲೈನಿನವರು ಗೋಲ್ ಹೊಡೆಯೋ ಸ್ಟಾರ್‌ಗಳು. ನಾಲ್ಕನೇ ಲೈನಿಗೆ ಸಿಗೋದು ಕಡಿಮೆ ಸಮಯ. ಎದುರಾಳಿಯನ್ನ ದಣಿಸಬೇಕು, ಗೋಲ್ ಬಿಟ್ಟುಕೊಡಬಾರದು. ತಂಡದ ಒಬ್ಬ ಫೌಲ್ ಮಾಡಿ ಎರಡು ನಿಮಿಷ ಹೊರಗೆ ಕೂತಾಗ, ಒಬ್ಬ ಕಮ್ಮಿ ಇದ್ರೂ ತಡೆದು ನಿಲ್ಲಿಸೋ ಕೆಲಸ ಎಷ್ಟೋ ಸಲ ಇವರದ್ದೇ. ಅಲ್ಲಿನ ಅಭಿಮಾನಿಗಳೂ ವರ್ಷವಿಡೀ ಕಿತ್ತಾಡೋದು ಈ ನಾಲ್ಕನೇ ಲೈನಿನ ಬಗ್ಗೆಯೇ. ಗೋಲ್ ಹೊಡೆಯೋ ಹುಡುಗನಿಗೆ ಅಲ್ಲಿ ಜಾಗ ಕೊಟ್ರೆ ಆ ಕೆಲವು ನಿಮಿಷದಲ್ಲಿ ಅವನು ಏನು ಮಾಡಿಯಾನು? ತಡೆಯೋದು ಅವನಿಗೆ ಬರುತ್ತಾ?

ಈಗ ನಮ್ಮೂರಿಗೆ ಬರೋಣ. ದಾವಣಗೆರೆಯವರಿಗೆ ಈ ಪ್ರಶ್ನೆ ಹೊಸದಲ್ಲ, ನಮ್ಮ ಆರ್. ವಿನಯ್ ಕುಮಾರ್ ಅವರೇ ಅದಕ್ಕೆ ದೊಡ್ಡ ಉದಾಹರಣೆ. 'ದಾವಣಗೆರೆ ಎಕ್ಸ್‌ಪ್ರೆಸ್' ಭಾರತದ ಪರ 31 ಏಕದಿನ, 9 ಟಿ20 ಆಡಿದ್ರು. ಟೆಸ್ಟ್ ಮಾತ್ರ ಒಂದೇ ಒಂದು, 2012ರ ಜನವರಿಯಲ್ಲಿ ಪರ್ತ್‌ನಲ್ಲಿ. ಅಲ್ಲಿ ಸ್ಪಿನ್ನರ್ ಅಶ್ವಿನ್ ಅವರನ್ನ ಕೂರಿಸಿ, ಜಹೀರ್, ಇಶಾಂತ್, ಉಮೇಶ್ ಜೊತೆ ವಿನಯ್ ಅವರನ್ನ ನಾಲ್ಕನೇ ವೇಗಿಯಾಗಿ ಆಡಿಸಿದ್ರು. ಡೇವಿಡ್ ವಾರ್ನರ್ 69 ಎಸೆತದಲ್ಲಿ ಶತಕ ಹೊಡೆದ ಪಂದ್ಯ ಅದು. ವಿನಯ್ 13 ಓವರ್‌ನಲ್ಲಿ 73 ರನ್ ಕೊಟ್ಟು ಒಂದು ವಿಕೆಟ್ ತೆಗೆದ್ರು. ಇನ್ನೊಂದು ಟೆಸ್ಟ್ ಸಿಗಲೇ ಇಲ್ಲ.

"ಅವರ ಸ್ಪೀಡ್ ಸಾಲದು" ಅಂತ ಅವತ್ತು ಎಲ್ಲರೂ ಅಂದ್ರು. ಇರಬಹುದು. ಆದ್ರೆ ಮೂವರು ವೇಗಿಗಳು ಇದ್ದಾಗ ನಾಲ್ಕನೆಯವರ ಕೆಲಸ ಏನು? ಹೊಸ ಚೆಂಡು ಸಿಗಲ್ಲ. ಉಳಿದವರು ಸುಸ್ತಾದಾಗ ನಡುವೆ ಬಂದು, ಅವರು ಮಾಡೋದನ್ನೇ ಅವರಿಗಿಂತ ಕಡಿಮೆ ವೇಗದಲ್ಲಿ ಮಾಡಬೇಕು. ಆ ಜಾಗಕ್ಕೆ ಬೇರೆಯದೇ ಆದ ಕೆಲಸ ಇರಲಿಲ್ಲ ಅನ್ನೋದು ನನಗೆ ಕಾಣೋ ತೊಂದರೆ. ಕೆಲಸವೇ ಇಲ್ಲದ ಜಾಗದಲ್ಲಿ ಎಂಥವರೂ ಸಾಮಾನ್ಯರಾಗಿ ಕಾಣ್ತಾರೆ.

ಅದೇ ಮನುಷ್ಯನನ್ನ ಕರ್ನಾಟಕ ತಂಡದಲ್ಲಿ ನೋಡಿ. 2013ರ ನವೆಂಬರ್ 2ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ 9 ಓವರ್‌ಗೆ 102 ರನ್ ಹೋಯ್ತು. ಅದೇ ಅವರ ಕೊನೆಯ ಏಕದಿನ ಪಂದ್ಯ. ತವರಿನ ಮೈದಾನದಲ್ಲಿ ಹಂಗಾದ ಮೇಲೆ ಇನ್ನೊಬ್ಬರಾಗಿದ್ರೆ ಮನೆ ಸೇರಿಬಿಡ್ತಿದ್ರೇನೋ. ಮೂರೇ ತಿಂಗಳಿಗೆ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನ ಸೋಲಿಸಿ, 1998-99ರ ನಂತರ ಮೊದಲ ಸಲ ರಣಜಿ ಟ್ರೋಫಿ ಎತ್ತಿದ ಕರ್ನಾಟಕದ ಕ್ಯಾಪ್ಟನ್ ಅವರೇ. ಮುಂದಿನ ವರ್ಷ ವಾಂಖೆಡೆಯಲ್ಲಿ ತಮಿಳುನಾಡು ವಿರುದ್ಧದ ಫೈನಲ್. ಕರುಣ್ ನಾಯರ್ ಅವರ 328, ರಾಹುಲ್ ಅವರ 188 ಎಲ್ಲರಿಗೂ ನೆನಪಿದೆ. ಅದೇ ಪಂದ್ಯದಲ್ಲಿ ತಮಿಳುನಾಡನ್ನ 134ಕ್ಕೆ ಉರುಳಿಸುವಾಗ ವಿನಯ್ 5 ವಿಕೆಟ್ ಕಿತ್ತಿದ್ರು, ಬ್ಯಾಟಿಂಗ್‌ನಲ್ಲಿ ಕೆಳಗಿನ ಕ್ರಮಾಂಕದಲ್ಲಿ ಬಂದು ಅಜೇಯ 105 ಹೊಡೆದ್ರು. ಪ್ರಥಮ ದರ್ಜೆಯಲ್ಲಿ ಅವರ ಒಟ್ಟು ವಿಕೆಟ್ 504. ಇಲ್ಲಿ ಅವರ ಕೆಲಸ ಏನು ಅಂತ ಅವರಿಗೂ ಗೊತ್ತಿತ್ತು, ತಂಡಕ್ಕೂ ಗೊತ್ತಿತ್ತು.

ಆ ಕರ್ನಾಟಕ ತಂಡದ ಬೌಲಿಂಗ್ ಕೂಡ ಇದಕ್ಕೇ ಸಾಕ್ಷಿ. ಸೀಮ್, ಸ್ವಿಂಗ್‌ಗೆ ವಿನಯ್. ವೇಗಕ್ಕೆ, ಬೌನ್ಸ್‌ಗೆ ಅಭಿಮನ್ಯು ಮಿಥುನ್. ಮೂರನೆಯವರಾಗಿ ಶ್ರೀನಾಥ್ ಅರವಿಂದ್. ಅರವಿಂದ್ ಭಾರಿ ವೇಗದವರಲ್ಲ, ಆದ್ರೆ ಎಡಗೈ. ಚೆಂಡು ಬೇರೆ ಕೋನದಿಂದ ಬರುತ್ತೆ, ಬ್ಯಾಟ್ಸ್‌ಮನ್ ನಿಲುವನ್ನೇ ಬದಲಾಯಿಸ್ಕೋಬೇಕು. ಅವರು ಓಡಿ ಬಂದ ಕಡೆ ಪಿಚ್ ಸವೆದ್ರೆ ಆಮೇಲೆ ಸ್ಪಿನ್ನರ್‌ಗೂ ಅನುಕೂಲ. ಬರೀ ಸ್ಪೀಡ್ ಗನ್ ನೋಡಿ ಪಟ್ಟಿ ಮಾಡಿದ್ರೆ ಅರವಿಂದ್ ಹೆಸರು ಎಷ್ಟು ಕೆಳಗೆ ಇರ್ತಿತ್ತೋ!

ಈಗ ಮರಳಿ ಹಾಕಿಗೆ, ನಮ್ಮ ಟರ್ಫ್ ಹಾಕಿಗೆ. ಒಲಿಂಪಿಕ್ಸ್ ತಂಡದಲ್ಲಿ 16 ಜಾಗ. ಮೈದಾನದಲ್ಲಿ 11, ಬೆಂಚಲ್ಲಿ 5. ಎಷ್ಟು ಸಲ ಬೇಕಾದ್ರೂ ಬದಲಾಯಿಸಬಹುದು, ಹಾಗಾಗಿ ಬೆಂಚಲ್ಲಿ ಕೂತವನೂ ಆಟಗಾರನೇ. 2016ರ ರಿಯೊ ತಂಡದಲ್ಲಿ ರಘುನಾಥ್, ಉತ್ತಪ್ಪ, ಸುನಿಲ್, ನಿಕ್ಕಿನ್ ತಿಮ್ಮಯ್ಯ, ಹೀಗೆ ನಾಲ್ವರು ನಮ್ಮ ಕೊಡಗಿನವರು. ಟೋಕಿಯೊ ತಂಡ ಪ್ರಕಟವಾದಾಗ ಎಸ್.ವಿ. ಸುನಿಲ್ ಹೆಸರೂ ಇರಲಿಲ್ಲ. ಎರಡು ಒಲಿಂಪಿಕ್ಸ್ ಆಡಿದ ಆಟಗಾರ ಅವರು. ನಮಗೆಲ್ಲ ಹೊಟ್ಟೆ ಉರಿದಿದ್ದು ಸಹಜ.

ಆ 16ರಲ್ಲಿ ಇಲ್ಲದ ಇನ್ನೊಂದು ಹೆಸರು ಸಿಮ್ರನ್‌ಜಿತ್ ಸಿಂಗ್. ಅವರು ಬರೀ ಮೀಸಲು ಆಟಗಾರ. ಕೋವಿಡ್ ಕಾರಣಕ್ಕೆ ನಿಯಮ ಸಡಿಲಿಸಿ, ಮೀಸಲು ಆಟಗಾರರನ್ನೂ ಸೇರಿಸಿಕೊಂಡು ಪ್ರತಿ ಪಂದ್ಯಕ್ಕೆ 16 ಜನರನ್ನ ಆರಿಸಬಹುದು ಅಂದ್ರು. ಹಂಗಾಗಿ ಅವರಿಗೆ ಬಾಗಿಲು ತೆರೀತು. 2021ರ ಆಗಸ್ಟ್ 5, ಜರ್ಮನಿ ವಿರುದ್ಧ ಕಂಚಿನ ಪಂದ್ಯ. ಭಾರತ ಗೆದ್ದಿದ್ದು 5-4ರಿಂದ. ಆ ಐದರಲ್ಲಿ ಎರಡು ಗೋಲ್ ಸಿಮ್ರನ್‌ಜಿತ್ ಅವರದ್ದು, ಐದನೇ ಗೋಲೂ ಸೇರಿ. 41 ವರ್ಷದ ನಂತರ ಬಂದ ಪದಕದಲ್ಲಿ, ಮೊದಲ ಪಟ್ಟಿಯಲ್ಲೇ ಇಲ್ಲದವರ ಪಾಲು ಅಷ್ಟು. ಹದಿನೇಳನೆಯವರು, ಹದಿನೆಂಟನೆಯವರು ಅಂತ ನಾವು ಹಾಕೋ ನಂಬರ್‌ಗೆ ಎಷ್ಟು ಬೆಲೆ ಅಂತ ಇದರಿಂದಲೇ ತಿಳ್ಕೋಬಹುದು.

"ಹಂಗಾದ್ರೆ ಕೊನೆ ಜಾಗ ಯುವಕರಿಗೆ ಕೊಡಿ, ಕಲೀತಾರೆ" ಅನ್ನೋ ವಾದವೂ ಇದೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಹತ್ತೊಂಬತ್ತು ವರ್ಷದ ಬೌಲರ್‌ನ ಇಡೀ ಸೀಸನ್ ಕರ್ಕೊಂಡು ಹೋಗಿ ನೀರಿನ ಬಾಟಲಿ ಹೊರಿಸಿದ್ರೆ ಅವನು ಕಲಿಯೋದು ನೀರು ಹೊರೋದನ್ನ. ಅವನು ಕಿರಿಯರ ತಂಡದಲ್ಲಿ ದಿನಕ್ಕೆ ಇಪ್ಪತ್ತು ಓವರ್ ಹಾಕಿದ್ರೆ ಅವನಿಗೂ ಒಳ್ಳೇದು, ರಾಜ್ಯಕ್ಕೂ ಒಳ್ಳೇದು. ಆಡಿಸೋದಾದ್ರೆ ಯುವಕರನ್ನ ತಗೊಳ್ಳಿ. ಬೆಂಚಿಗೇ ಆದ್ರೆ, ಬೆಂಚಿಂದ ಎದ್ದು ಬಂದ ಐದೇ ನಿಮಿಷದಲ್ಲಿ ಕೆಲಸಕ್ಕೆ ಬರೋರನ್ನ ತಗೊಳ್ಳಿ. ಹಿರಿಯರಿಗೂ ಇದೇ ಮಾತು. ಹಿಂದೆ ಆಡಿದ್ದಕ್ಕೆ ಗೌರವ ಕೊಡೋಣ, ಸನ್ಮಾನ ಮಾಡೋಣ. ಜಾಗ ಮಾತ್ರ ಮುಂದಿನ ಪಂದ್ಯದ ಕೆಲಸಕ್ಕೆ.

ನಮ್ಮ ಭಾನುವಾರದ ತಂಡದಲ್ಲೂ ಹೋದ ವರ್ಷ ಇದೇ ಪಂಚಾಯ್ತಿ. ಅರ್ಧ ಜನ ದಾವಣಗೆರೆಯವರು, ಅರ್ಧ ಜನ ಹರಿಹರದವರು. ಬರೋದು ಹದಿನೈದು ಜನ, ಆಡೋದು ಹನ್ನೊಂದು. ಕೊನೆಯ ಜಾಗಕ್ಕೆ ಇಬ್ಬರು. ಒಬ್ಬ ಬೆಂಗಳೂರಿಂದ ಶನಿವಾರ ರಾತ್ರಿ ಟ್ರೈನ್ ಹತ್ತಿ ಬರೋ ಹೊಡಿಬಡಿ ಬ್ಯಾಟ್ಸ್‌ಮನ್. ಇನ್ನೊಬ್ಬ ಹರಿಹರದವನು, ನೈಟ್ ಶಿಫ್ಟ್ ಮುಗಿಸಿ ಸೀದಾ ಮೈದಾನಕ್ಕೆ ಬರೋನು. ಬೌಂಡರಿಯಲ್ಲಿ ಕ್ಯಾಚ್ ಬಿಡಲ್ಲ, ಗಾಳಿಗೆ ಎದುರಾಗಿ ಎರಡು ಓವರ್ ಹಾಕು ಅಂದ್ರೆ ಹಾಕ್ತಾನೆ. ಗ್ರೂಪಲ್ಲಿ ನೂರಾರು ಮೆಸೇಜ್ ಆದ ಮೇಲೆ ಒಬ್ಬ ಕ್ಯಾಪ್ಟನ್‌ಗೆ ಅಂದ: "ಅಣ್ಣ, ಅವನು ನಿಂತ್ರೆ ಐದು ಸಿಕ್ಸ್ ಗ್ಯಾರಂಟಿ."

ಅಣ್ಣ ಅಂದ್ರು: "ನಿಂತ್ರೆ ಸರಿನಪ್ಪ. ನಿಲ್ಲದ ದಿನ ಏನ್ ಮಾಡ್ತಾನೆ ಹೇಳು."

ಯಾರ ಹತ್ರನೂ ಉತ್ತರ ಇರಲಿಲ್ಲ. ಈ ವಿಷಯದ ಬಗ್ಗೆ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಇದು. ನಾಲ್ಕನೇ ಲೈನಿಗೂ, ಹದಿನಾರನೇ ಜಾಗಕ್ಕೂ, ನಾಲ್ಕನೇ ವೇಗಿಗೂ ಇದನ್ನೇ ಕೇಳಬೇಕು. ಮುಖ್ಯ ಕೆಲಸ ಕೈಕೊಟ್ಟ ದಿನ ಇವನಿಂದ ತಂಡಕ್ಕೆ ಇನ್ನೇನು ಸಿಗುತ್ತೆ? ಹರಿಹರದವರಿಗಂತೂ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅರ್ಧ ಹರಿ, ಅರ್ಧ ಹರ ಕೂಡಿ ಒಂದೇ ಮೂರ್ತಿಯಾಗಿ ನಿಂತ ಊರದು. ಅರ್ಧ ಬೌಲರ್, ಅರ್ಧ ಫೀಲ್ಡರ್ ಅಂತ ನಗಬೇಡಿ. ಎಷ್ಟೋ ತಂಡ ಪೂರ್ತಿಯಾಗೋದು ಅಂಥವರಿಂದಲೇ.

ಇಷ್ಟಾದ್ರೂ ಒಂದು ವಿಷಯ ನನ್ನನ್ನ ಕಾಡುತ್ತೆ. ಅವತ್ತು ಜಾಗ ಸಿಕ್ಕಿದ್ದು ಹರಿಹರದ ಹುಡುಗನಿಗೆ, ಸರಿಯಾಗೇ ಆಯ್ತು. ಆದ್ರೆ ಅದಕ್ಕೂ ಹಿಂದಿನ ಮೂರು ಭಾನುವಾರ ಅವನು ರಾತ್ರಿ ಪೂರ್ತಿ ದುಡಿದು, ನಿದ್ದೆ ಬಿಟ್ಟು ಬಂದು, ಪ್ಯಾಡ್ ಬ್ಯಾಗ್ ಪಕ್ಕ ಕೂತು ವಾಪಸ್ ಹೋಗಿದ್ದ. "ಇವತ್ತು ನೀನು ಆಡಲ್ಲಪ್ಪ, ಕಾರಣ ಇದು" ಅಂತ ಹಿಂದಿನ ದಿನ ಒಂದು ಫೋನ್ ಯಾರೂ ಮಾಡಿರಲಿಲ್ಲ. ಈ ವರ್ಷ ಅವನು ಬೇರೆ ತಂಡದಲ್ಲಿದ್ದಾನೆ. ಕೇಳಿದ್ದಕ್ಕೆ ಒಂದೇ ಮಾತು ಹೇಳಿದ: "ಅಲ್ಲಿ ಶನಿವಾರನೇ ಹೇಳ್ತಾರಣ್ಣ."

ಆಡೋ ಹನ್ನೊಂದು ಜನರನ್ನ ಆರಿಸೋದು ಅರ್ಧ ಕೆಲಸ. ಹನ್ನೆರಡನೆಯವನಿಗೆ ಮೊದಲೇ ಹೇಳೋದು ಇನ್ನರ್ಧ. ಸ್ಟಾರ್‌ಗಳು ಸಂಬಳಕ್ಕೋ, ಹೆಸರಿಗೋ ಉಳ್ಕೋತಾರೆ. ಕೊನೆಯ ಜಾಗದವನು ಉಳಿಯೋದು ತನ್ನ ಕೆಲಸ ಏನು, ಸರದಿ ಯಾವಾಗ ಅಂತ ಗೊತ್ತಿದ್ರೆ ಮಾತ್ರ. ಮೈದಾನದಲ್ಲಿ ಅಷ್ಟೇ ಅಲ್ಲ, ನಮ್ಮ ಆಫೀಸಿನ ಪ್ರಾಜೆಕ್ಟ್ ಟೀಮ್‌ಗಳಲ್ಲೂ ಹಿಂಗೇ.

ಮುಂದಿನ ಸಲ ತಂಡ ಪ್ರಕಟವಾದಾಗ ನೀವೂ ಜಗಳ ಆಡಿ, ಬೇಡ ಅನ್ನಲ್ಲ. ಸರಾಸರಿ, ಸ್ಟ್ರೈಕ್ ರೇಟ್ ತೆಗೆಯೋಕೆ ಮುಂಚೆ ಅಣ್ಣನ ಪ್ರಶ್ನೆ ಒಂದು ಸಲ ಕೇಳಿ ನೋಡಿ. ನಿಮ್ಮ ಪಟ್ಟಿಯ ಕೊನೆಯ ಎರಡು ಹೆಸರಾದ್ರೂ ಬದಲಾಗಬಹುದು.