ತೆರೆದ ಸಾಕೆಟ್ಟುಗಳ ಹೊಣೆ

1958ರಲ್ಲಿ ಎಂಐಟಿಯಲ್ಲಿ ಜಾನ್ ಮೆಕಾರ್ಥಿಯವರು ರೂಪಿಸಲಾರಂಭಿಸಿದ ಲಿಸ್ಪ್ ಭಾಷೆಯು, ಬಳಸಿ ಬಿಟ್ಟ ಮೆಮೊರಿಯನ್ನು ತಾನಾಗಿಯೇ ಮರಳಿ ಕೂಡಿಸಿಕೊಳ್ಳುವ ಗಾರ್ಬೇಜ್ ಕಲೆಕ್ಷನ್ ಎಂಬ ಉಪಾಯವನ್ನು ಜಗತ್ತಿಗೆ ಮೊತ್ತಮೊದಲು ನೀಡಿತೆಂಬುದು ಅದರ ಅಭಿಮಾನಿಗಳು ಸಕಾರಣವಾಗಿಯೇ ಹೆಮ್ಮೆಪಡುವ ಸಂಗತಿ. ಆದರೆ ಅದೇ ಸೌಕರ್ಯವು ಪ್ರೋಗ್ರಾಮರರಲ್ಲಿ ಒಂದು ಬಗೆಯ ಆಲಸ್ಯವನ್ನೂ ಬೆಳೆಸಿದೆಯೆಂದು ನನ್ನ ಅಭಿಪ್ರಾಯ. ನೆಟ್‌ವರ್ಕಿನ ಸಾಕೆಟ್ಟು, ಎಂದರೆ ಸಂಪರ್ಕವೊಂದರ ಈಚೆಯ ತುದಿ, ಮೆಮೊರಿಯಂತಲ್ಲ. ಅದು ಆಪರೇಟಿಂಗ್ ಸಿಸ್ಟಂ ಎಣಿಸಿ ಕೊಡುವ ವಸ್ತು. ಅನೇಕ ಲಿನಕ್ಸ್ ಯಂತ್ರಗಳಲ್ಲಿ ಒಂದು ಪ್ರೋಗ್ರಾಮಿಗೆ ದೊರೆಯುವ ರೂಢಿಯ ಮಿತಿ, ತೆರೆದ ಫೈಲುಗಳನ್ನೂ ಸೇರಿಸಿ, 1024. ಮುಚ್ಚದೆ ಬಿಟ್ಟ ಸಾಕೆಟ್ಟುಗಳನ್ನು ಗಾರ್ಬೇಜ್ ಕಲೆಕ್ಟರ್ ನೋಡಿಕೊಂಡೀತೆಂದು ನಂಬಿದರೆ, ಮೆಮೊರಿ ಧಾರಾಳವಾಗಿದ್ದಾಗ ಅದು ಬಹುಕಾಲ ಎಚ್ಚರಗೊಳ್ಳುವುದೇ ಇಲ್ಲ. ಅಷ್ಟರೊಳಗೆ ಸಾಕೆಟ್ಟುಗಳು ತೀರಿ, ಹೊಸದಾಗಿ ಬಂದವರಿಗೆ ಪ್ರವೇಶವಿಲ್ಲದಂತಾಗುತ್ತದೆ.

ಪರಿಹಾರವೂ ಲಿಸ್ಪಿನಲ್ಲಿಯೇ ಉಂಟು. 1994ರ ಆನ್ಸಿ ಕಾಮನ್ ಲಿಸ್ಪ್ ಪ್ರಮಾಣದಲ್ಲಿ ಸಾಕೆಟ್ಟಿನ ಮಾತೇ ಇಲ್ಲ (ಅದಕ್ಕೆ ಯೂಸಾಕೆಟ್‌ನಂಥ ಲೈಬ್ರರಿಯನ್ನು ಆಶ್ರಯಿಸಬೇಕು). ಆದರೂ ‘ಅನ್‌ವೈಂಡ್-ಪ್ರೊಟೆಕ್ಟ್’ ಇದೆ. ಕೆಲಸ ಸುಸೂತ್ರವಾಗಿ ಮುಗಿಯಲಿ, ನಡುವೆ ದೋಷ ತಲೆದೋರಿ ಹೊರಬೀಳಲಿ, ಅದರ ಕೊನೆಯಲ್ಲಿ ಬರೆದ ಶುಚಿಕಾರ್ಯ ನಡೆಯುತ್ತದೆ. ತೆರೆದುದನ್ನು ಮರೆಯದೆ ಮುಚ್ಚುವ ‘ವಿತ್-ಓಪನ್-ಸ್ಟ್ರೀಮ್’ ಮ್ಯಾಕ್ರೊವಿನ ತತ್ತ್ವವೂ ಇದೇ. ಮುಚ್ಚುವುದರಲ್ಲಿಯೂ ಒಂದು ಸೂಕ್ಷ್ಮವುಂಟು: ಸಾಮಾನ್ಯವಾದ ‘ಕ್ಲೋಸ್’ ಬಫರಿನಲ್ಲಿ ಉಳಿದುದನ್ನು ಕಳುಹಿಸಲೆತ್ನಿಸುತ್ತದೆ; ಆಚೆಯ ತುದಿ ಇಲ್ಲವಾಗಿದ್ದರೆ ಆ ಯತ್ನವೇ ಹೊಸ ದೋಷಕ್ಕೆ ಕಾರಣವಾಗಬಹುದಾದ್ದರಿಂದ, ಅಂಥಲ್ಲಿ ಉಳಿದುದನ್ನು ಕೈಬಿಡುವ ‘ಅಬಾರ್ಟ್’ ಸಹಿತವಾಗಿ ಮುಚ್ಚುವುದೇ ವಿವೇಕ.

ಇಷ್ಟಾದರೂ ಸಾಲದೆಂಬುದು ಕುಮಟಾ ತಾಲ್ಲೂಕಿನ ಯಾಣದಂಥ ಸ್ಥಳದಲ್ಲಿ ತಿಳಿಯುತ್ತದೆ. ಶಿವರಾತ್ರಿಯ ಜಾತ್ರೆಗೆ ಬಂದವನೊಬ್ಬ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ಬಂಡೆಯ ಸಂದಿಗೆ ಕಾಲಿಡುವಾಗ ಸರ್ವರಿನೊಡನೆ ಸಂಪರ್ಕದಲ್ಲಿದ್ದ ಫೋನಿನ ಸಿಗ್ನಲ್ ಕಡಿದುಹೋದರೆ, ಟಿಸಿಪಿ ಎಂಬ ಸಂಪರ್ಕ ನಿಯಮದಂತೆ ಬರಬೇಕಾದ ಮುಕ್ತಾಯದ ಸೂಚನೆ ಸರ್ವರನ್ನು ತಲಪುವುದೇ ಇಲ್ಲ. ದೋಷವೂ ಕಾಣದು, ಅಂತ್ಯವೂ ಕಾಣದು. ಓದಲು ಕುಳಿತ ಪ್ರೋಗ್ರಾಮು ಕುಳಿತೇ ಇರುತ್ತದೆ, ಅನ್‌ವೈಂಡ್-ಪ್ರೊಟೆಕ್ಟಿನ ಸರದಿ ಬಾರದು. ಲಿನಕ್ಸಿನ ‘ಕೀಪ್‌ಅಲೈವ್’ (ಆಚೆಯ ತುದಿ ಇನ್ನೂ ಇದೆಯೇ ಎಂದು ವಿಚಾರಿಸುವ ಏರ್ಪಾಡು) ಇದೆಯಲ್ಲ ಎನ್ನುವವರುಂಟು. ಅದನ್ನು ಕೇಳಿ ಹಾಕಿಸಿಕೊಂಡರೂ ಮೊದಲ ವಿಚಾರಣೆ ಹೊರಡುವುದು ರೂಢಿಯಂತೆ 7200 ಸೆಕೆಂಡು, ಎಂದರೆ ಎರಡು ಗಂಟೆ, ಸುಮ್ಮನೆ ಕಳೆದ ಮೇಲೆ.

ಆದುದರಿಂದ ಓದುವ ಪ್ರತಿಯೊಂದು ಕ್ರಿಯೆಗೂ ಗಡುವಿರಬೇಕು. ಗಡುವು ಮೀರಿದೊಡನೆ ದೋಷವೆಂದು ಸಾರಿದರೆ, ಉಳಿದುದನ್ನು ಶುಚಿಕಾರ್ಯದ ಸಾಲುಗಳು ನೋಡಿಕೊಳ್ಳುತ್ತವೆ. ಘಟ್ಟದ ಜನರಿಗೂ ಆನ್‌ಲೈನ್ ಸೇವೆ ಒದಗಿಸುವೆವೆನ್ನುವ ಇಲಾಖೆಗಳು, ಯಾವ ಭಾಷೆಯಲ್ಲಿ ಬರೆಸಿದರೂ ಸರಿಯೆ, ಈ ಗಡುವನ್ನು ಟೆಂಡರಿನ ಕರಾರಿನಲ್ಲಿಯೇ ಸೇರಿಸಲಿ. ಬೆಂಗಳೂರಿನ ಕಚೇರಿಯ ವೈಫೈಯಲ್ಲಿ ಮಾಡಿದ ಪರೀಕ್ಷೆಯನ್ನು ಒಪ್ಪದೆ, ಅರ್ಧದಲ್ಲಿ ಸಂಪರ್ಕ ಕಡಿದು ಮಾಡಿದ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಲಿ.